ಸ್ತನ್ಯಪಾನದ ಲಕ್ಷಣವಿಚಾರ

ಲಕ್ಷಣವು ಶುದ್ಧವಾಗಿಲ್ಲದಿದ್ದರೆ ಗಣಿತವು ಎಷ್ಟು ಸೂಕ್ಷ್ಮವಾಗಿದ್ದರೂ ವಸ್ತುವು ಸಿದ್ಧಿಸದೆಂಬುದು ತಾರ್ಕಿಕರ ಮತ. ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವವೆಂಬ ಮೂರು ದೋಷಗಳಿಂದ ಲಕ್ಷಣವು ಮುಕ್ತವಾಗಿರತಕ್ಕದ್ದು. ಶಿಶುಗಳ ಆಹಾರಕ್ರಮವನ್ನು ಕುರಿತು ಆರೋಗ್ಯಸಂಶೋಧಕರು ಮಾಡಿರುವ ವಿಭಾಗವನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡುವುದು ಉಚಿತವಾಗಿದೆ.

ಸುಶ್ರುತಸಂಹಿತೆಯು ಬಾಲರನ್ನು ಒಂದು ವರ್ಷದವರೆಗೆ ಕ್ಷೀರಪರೆಂದೂ, ಎರಡು ವರ್ಷದವರೆಗೆ ಕ್ಷೀರಾನ್ನಾದರೆಂದೂ, ಅನಂತರ ಅನ್ನಾದರೆಂದೂ ವಿಭಾಗಿಸಿರುವುದು. ಆದರೆ ಅದೇ ಗ್ರಂಥವು ಜನನದಿನದಲ್ಲಿ ಜೇನು ತುಪ್ಪಗಳನ್ನೂ, ಆರನೆಯ ತಿಂಗಳಿನಲ್ಲಿ ಲಘುವಾದ ಅನ್ನವನ್ನೂ ವಿಧಿಸುವುದು. ಆದಕಾರಣ ಕ್ಷೀರಪನೆಂದರೆ ಹಾಲನ್ನು ಮಾತ್ರ ಕುಡಿಯುವವನೆಂದಲ್ಲ. ಅದು ಪ್ರಾಧಾನ್ಯದಿಂದ ಬಂದ ಹೆಸರು.

ಈಚಿನವರ ವಿಭಾಗಕ್ಕೆ ‘ಮಾತ್ರ’ ಎಂಬ ಶಬ್ದವೇ ಪ್ರಾಣ. ವಿಶ್ವ ಆರೋಗ್ಯ ಸಂಸ್ಥೆಯು ೧೯೯೧ರಲ್ಲಿ ಕೇವಲ ಸ್ತನ್ಯಪಾನ, ಪ್ರಧಾನ ಸ್ತನ್ಯಪಾನ ಎಂಬ ಭೇದವನ್ನು ಸ್ಥಿರಪಡಿಸಿತು. ಮೊದಲನೆಯದರಲ್ಲಿ ಎದೆಹಾಲಿನೊಡನೆ ಔಷಧದ ಹನಿಗಳಿಗೆ ಮಾತ್ರ ಅವಕಾಶ. ಎರಡನೆಯದರಲ್ಲಿ ನೀರಿಗೂ ಸಂಸ್ಕಾರದ್ರವಗಳಿಗೂ ಉಂಟು. ಹೀಗಿರಲು ಕನ್ನಡನಾಡಿನ ಅಜ್ಜಿಯು ತೇಯ್ದು ನೆಕ್ಕಿಸುವ ಬಜೆಯು ಔಷಧವೋ ಸಂಸ್ಕಾರವೋ? ೨೦೨೧ರ ಪರಿಷ್ಕರಣವು ಗಿಡಮೂಲಿಕೆಯ ದ್ರವಗಳು ‘ಮಾತ್ರ’ವನ್ನು ಭಂಗಿಸುವುವೆಂದು ನಿರ್ಣಯಿಸಿ, ಪ್ರಧಾನವರ್ಗವನ್ನು ಸೂಚಕಗಳಿಂದ ಕೈಬಿಟ್ಟಿತು. ಸಂದೇಹವು ನಿವೃತ್ತವಾದುದು ಗುಣವೇ. ಆದರೆ ಒಮ್ಮೆ ಬಜೆ ನೆಕ್ಕಿದ ಮಗುವೂ ದಿನವೂ ಹಸುವಿನ ಹಾಲು ಕುಡಿಯುವ ಮಗುವೂ ‘ಕೇವಲ’ದ ಹೊರಗೆ ಸಮಾನವಾಗಿ ನಿಂತುವು.

ಇದಕ್ಕಿಂತ ದೊಡ್ಡ ದೋಷವು ಕಾಲದ್ದು. ಸಂಶೋಧಕರು ಕೇಳುವುದು ಕಳೆದ ಒಂದು ಹಗಲಿರುಳಿನ ಆಹಾರವನ್ನು. ಹುಟ್ಟಿದಂದು ಸಕ್ಕರೆನೀರು ಕುಡಿದು, ನಿನ್ನೆ ಎದೆಹಾಲನ್ನು ಮಾತ್ರ ಕುಡಿದ ಶಿಶುವೂ ‘ಕೇವಲ’ವರ್ಗಕ್ಕೆ ಸೇರುವುದು. ಇದು ಸ್ಪಷ್ಟವಾದ ಅತಿವ್ಯಾಪ್ತಿ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಆರು ತಿಂಗಳೊಳಗಿನ ಶಿಶುಗಳಲ್ಲಿ ನೂರಕ್ಕೆ ೬೩.೭ ಈ ವರ್ಗದವು. ಅಷ್ಟು ಶಿಶುಗಳು ಆರು ತಿಂಗಳು ತುಂಬುವವರೆಗೂ ಹಾಗೆಯೇ ಬೆಳೆದುವೆಂದು ತಿಳಿಯುವುದು ಭ್ರಾಂತಿ. ಒಂದು ತಿಂಗಳಿನದೂ ಐದು ತಿಂಗಳಿನದೂ ಅಲ್ಲಿ ಒಂದೇ ರಾಶಿಯಲ್ಲಿವೆ.

ವೈಟ್‌ಫೀಲ್ಡಿನ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಸ್ಥೆಯೊಬ್ಬಳು ಹಾಲನ್ನು ಹಿಂಡಿಟ್ಟು ಹೋದಳೆನ್ನೋಣ. ಅದನ್ನು ರಬ್ಬರುತೊಟ್ಟಿನ ಸೀಸೆಯಲ್ಲಿ ಕುಡಿದ ಮಗುವು ‘ಕೇವಲ’ವರ್ಗಕ್ಕೂ ಸೀಸೆಯ ವರ್ಗಕ್ಕೂ ಸೇರುವುದು, ಒಳಲೆಯಲ್ಲಿ ಕುಡಿದರೆ ಮೊದಲನೆಯದಕ್ಕೆ ಮಾತ್ರ. ಇಲ್ಲಿ ಸಾಂಕರ್ಯದೋಷವನ್ನು ಶಂಕಿಸಬಹುದು. ಆದರೆ ಒಂದು ದ್ರವ್ಯವನ್ನು, ಇನ್ನೊಂದು ಪಾತ್ರವನ್ನು ಹೇಳುವುದರಿಂದ ದೋಷವು ಲಕ್ಷಣದ್ದಲ್ಲ. ಎರಡನ್ನೂ ಪರಸ್ಪರವಿರುದ್ಧವೆಂದು ಎಣಿಸುವವನದು.

ಪೀಣ್ಯದ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತ ತಾಯಿಯ ವಿಷಯವು ಬೇರೆ. ೨೦೧೭ರ ತಿದ್ದುಪಡಿಯು ಮೊದಲ ಎರಡು ಹೆರಿಗೆಗಳಿಗೆ ೧೨ ವಾರಗಳಿದ್ದ ರಜೆಯನ್ನು ೨೬ ವಾರಗಳಿಗೆ ಏರಿಸಿತು. ಅದರಲ್ಲಿ ೮ ವಾರಗಳವರೆಗೆ ಹೆರಿಗೆಗೆ ಮುಂಚೆಯೇ ಪಡೆಯಬಹುದೆಂದಿತು. ಹಾಗೆ ಪಡೆದವಳಿಗೆ ಉಳಿಯುವುದು ೧೮ ವಾರ, ಎಂದರೆ ನಾಲ್ಕು ತಿಂಗಳಿಗೆ ತುಸು ಹೆಚ್ಚು. ಲಕ್ಷಣವು ಆರು ತಿಂಗಳನ್ನು ಅಪೇಕ್ಷಿಸುವುದು. ಐದನೆಯ ತಿಂಗಳಿನಲ್ಲಿ ಆಕೆಯ ಶಿಶುವು ವರ್ಗದಿಂದ ಚ್ಯುತವಾದರೆ ಪಟ್ಟಿಯು ಅದನ್ನು ತಾಯಿಯ ‘ಆಚರಣೆ’ಯೆಂದು ಬರೆದುಕೊಳ್ಳುವುದು. ಆಚರಣೆಯೆಂಬುದು ಸ್ವತಂತ್ರನಾದ ಕರ್ತೃವನ್ನು ಅಪೇಕ್ಷಿಸುವ ಶಬ್ದ. ಇಲ್ಲಿ ಕರ್ತೃತ್ವವು ಕಾರ್ಖಾನೆಯ ಗಂಟೆಯದು.

ಆದುದರಿಂದ ಈ ವಿಭಾಗವನ್ನು ತ್ಯಜಿಸತಕ್ಕದ್ದೆಂದಲ್ಲ. ದೇಶದೇಶಗಳನ್ನು ತೂಗುವುದಕ್ಕೆ ಅದು ಅವಶ್ಯವಾದ ತಕ್ಕಡಿ. ಆದರೆ ಒಂದು ದಿನದ ಲಕ್ಷಣವನ್ನು ಒಂದು ದಿನಕ್ಕೇ ಹೇಳಬೇಕು. ಜನನದಿಂದ ಆರಂಭಿಸಿ ಕೇಳಿದುದನ್ನು ಪ್ರತ್ಯೇಕವಾಗಿ ಬರೆಯಬೇಕು. ಏನನ್ನು ಕುಡಿಯಿತೆಂಬುದರ ಪಕ್ಕದಲ್ಲಿ ತಾಯಿ ಎಲ್ಲಿದ್ದಳೆಂಬುದನ್ನೂ ಸೇರಿಸಬೇಕು. ಕಾರಣವನ್ನು ಬಿಟ್ಟ ಲಕ್ಷಣವು ಶಿಶುವನ್ನು ಎಣಿಸೀತೇ ಹೊರತು ಪೋಷಿಸಲಾರದು.