‘ಕರ್ಣಾಟ’ ಎಂಬ ಹೆಸರು ಮತ್ತು ಮೂಲದ ವಾದ: ವಿಜಯನಗರ ಚರ್ಚೆಯ ಭಾಷಿಕ ಆಧಾರಗಳ ವಿಮರ್ಶೆ

ವಿಜಯನಗರದ ಸ್ಥಾಪಕರಾದ ಹರಿಹರ-ಬುಕ್ಕರು ಕನ್ನಡಿಗರೋ ತೆಲುಗರೋ ಎಂಬ ಚರ್ಚೆಗೆ ಹೆಚ್ಚುಕಡಿಮೆ ಒಂದು ಶತಮಾನದ ವಯಸ್ಸಾಗಿದೆ. 1929ರಲ್ಲಿ ಹೆನ್ರಿ ಹೆರಾಸರು ಈ ಸೋದರರನ್ನು ಹೊಯ್ಸಳ ರಾಜ್ಯದ ಪರಂಪರೆಯೊಡನೆ ಜೋಡಿಸಿದರು. 1933ರಲ್ಲಿ ಎನ್. ವೆಂಕಟರಮಣಯ್ಯನವರು ರಾಜ್ಯದ ಹುಟ್ಟನ್ನು ಕುರಿತ ತಮ್ಮ ಗ್ರಂಥದಲ್ಲಿ ಆಂಧ್ರ ಮೂಲವನ್ನು ಸಮರ್ಥಿಸಿದರು. 1936ರಲ್ಲಿ ಧಾರವಾಡದಿಂದ ಹೊರಬಂದ ಆರುನೂರನೆಯ ವರ್ಷದ ಸ್ಮರಣ ಸಂಪುಟದ ಹೊತ್ತಿಗೆ ಈ ಪ್ರಶ್ನೆ ವಿದ್ವತ್ತಿನ ಪ್ರಶ್ನೆಯಾಗಿ ಮಾತ್ರ ಉಳಿದಿರಲಿಲ್ಲ. ಭಾಷಾವಾರು ಪ್ರಾಂತಗಳ ಬೇಡಿಕೆ ಅದರ ಬೆನ್ನಿಗಿತ್ತು. ಎರಡೂ ಪಕ್ಷಗಳು ಮುಂದಿಟ್ಟ ಆಧಾರಗಳಲ್ಲಿ ಬಹಳಷ್ಟು ಭಾಷೆಗೆ ಸಂಬಂಧಿಸಿದವು. ಆದರೆ ಅವನ್ನು ಭಾಷಾವಿಜ್ಞಾನದ ಒರೆಗಲ್ಲಿಗೆ ಹಚ್ಚಿದ್ದು ಕಡಿಮೆ. ಮೂಲವನ್ನು ತೀರ್ಮಾನಿಸುವುದು ಈ ಬರಹದ ಉದ್ದೇಶವಲ್ಲ. ಆ ಆಧಾರಗಳು ಏನನ್ನು ಸಾಧಿಸಬಲ್ಲವು, ಏನನ್ನು ಸಾಧಿಸಲಾರವು ಎಂಬುದನ್ನು ಪರಿಶೀಲಿಸುವುದಷ್ಟೇ ಇಲ್ಲಿನ ಕೆಲಸ.

ಮೊದಲನೆಯದು ಹೆಸರುಗಳ ಆಧಾರ. ‘ಹರಿಯಪ್ಪ ಒಡೆಯ’, ‘ಬುಕ್ಕಣ್ಣ ಒಡೆಯ’ ಎಂಬ ರೂಪಗಳು ಕನ್ನಡ ಮೂಲವನ್ನು ಸಾರುತ್ತವೆ ಎನ್ನಲಾಗುತ್ತದೆ. ಆದರೆ ‘ಅಪ್ಪ’, ‘ಅಣ್ಣ’ ಎಂದು ಮುಗಿಯುವ ಹೆಸರುಗಳು ತೆಲುಗರಲ್ಲೂ ಸಾಮಾನ್ಯ. ‘ಒಡೆಯ’ ಪದಕ್ಕೆ ತಮಿಳಿನಲ್ಲಿ ‘ಉಡೈಯಾರ್’ ಎಂಬ ಜ್ಞಾತಿಪದವಿದೆ. ಬುಕ್ಕನ ಮಗ ಕಂಪಣನನ್ನು ತಮಿಳು ಶಾಸನಗಳು ಆ ಬಿರುದಿನಿಂದಲೇ ಕರೆಯುತ್ತವೆ. ಆದ್ದರಿಂದ ಆತನನ್ನು ತಮಿಳನೆಂದು ಯಾರೂ ವಾದಿಸುವುದಿಲ್ಲ. ಒಂದು ಕಡೆ ಒಪ್ಪದ ತರ್ಕವನ್ನು ಇನ್ನೊಂದು ಕಡೆ ಒಪ್ಪುವುದು ಸರಿಯಾಗದು.

ಎರಡನೆಯದು ಶಾಸನಗಳ ಆಧಾರ. ಸಂಗಮ ಸೋದರರ ವಿಜಯೋತ್ಸವವನ್ನು ದಾಖಲಿಸುವ 1346ರ ಶೃಂಗೇರಿ ಶಾಸನ ಕನ್ನಡದಲ್ಲಿದೆ. ನಂದಿನಾಗರಿ ಲಿಪಿಯ ಸಂಸ್ಕೃತ ತಾಮ್ರಪಟಗಳ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ಕನ್ನಡ ಅಕ್ಷರಗಳಲ್ಲಿ ಬರುತ್ತದೆ. ಈ ಆಧಾರ ಗಟ್ಟಿಯಾದುದು. ಆರಂಭದ ವಿಜಯನಗರದ ಬರಹದ ವ್ಯವಸ್ಥೆಯಲ್ಲಿ ಕನ್ನಡಕ್ಕಿದ್ದ ಸ್ಥಾನವನ್ನು ಇದು ಸಂಶಯಕ್ಕೆಡೆಯಿಲ್ಲದಂತೆ ತೋರಿಸುತ್ತದೆ. ಆದರೆ ಅದು ತೋರಿಸುವುದು ಕರಣಿಕರ ರೂಢಿಯನ್ನು, ಅರಸನ ಮನೆಮಾತನ್ನಲ್ಲ. ಅದೇ ಅರಸುಮನೆತನಗಳ ಶಾಸನಗಳು ತಮಿಳು ನಾಡಿನಲ್ಲಿ ತಮಿಳಾಗಿಯೂ ತೆಲುಗು ನಾಡಿನಲ್ಲಿ ತೆಲುಗಾಗಿಯೂ ಇವೆ. ಶಾಸನದ ಭಾಷೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದನ್ನು ಓದಬೇಕಾದ ನೆಲ. ಮೇಲಾಗಿ ಆ ಕಾಲದಲ್ಲಿ ಕನ್ನಡ ಮತ್ತು ತೆಲುಗು ಲಿಪಿಗಳು ಇನ್ನೂ ಪೂರ್ತಿಯಾಗಿ ಬೇರೆಯಾಗಿರಲಿಲ್ಲ ಎಂಬುದನ್ನೂ ಮರೆಯಬಾರದು.

ಮೂರನೆಯದು, ಅತ್ಯಂತ ಹೆಚ್ಚು ಬಳಕೆಯಾದದ್ದು, ‘ಕರ್ಣಾಟ’ ಎಂಬ ಹೆಸರಿನ ಆಧಾರ. ‘ಆಮುಕ್ತಮಾಲ್ಯದ’ದಲ್ಲಿ ಶ್ರೀಕಾಕುಳದ ಆಂಧ್ರವಿಷ್ಣು ತನ್ನನ್ನು ತೆಲುಗು ರಾಯನೆಂದು ಹೇಳಿಕೊಂಡು ಕೃಷ್ಣದೇವರಾಯನನ್ನು ಕನ್ನಡ ರಾಯನೆಂದು ಸಂಬೋಧಿಸುತ್ತಾನೆ, ಹಾಗೆ ಸಂಬೋಧಿಸಿಯೇ ತೆಲುಗಿನಲ್ಲಿ ಕಾವ್ಯ ರಚಿಸೆಂದು ಬೆಸಸುತ್ತಾನೆ. ಕನ್ನಡ ಪಕ್ಷ ಮೊದಲರ್ಧವನ್ನು ಎತ್ತಿಕೊಂಡರೆ ತೆಲುಗು ಪಕ್ಷ ಉಳಿದರ್ಧವನ್ನು ಎತ್ತಿಕೊಳ್ಳುತ್ತದೆ. ಒಬ್ಬನೇ ಅರಸ ಒಂದು ನಾಡಿನ ಒಡೆಯನಾಗಿ ಇನ್ನೊಂದು ನುಡಿಯ ಕವಿಯಾಗಿರುವುದರಲ್ಲಿ ಆ ಪಠ್ಯಕ್ಕೆ ಯಾವ ವಿರೋಧವೂ ಕಾಣುವುದಿಲ್ಲ. ಇನ್ನೂ ವಿಚಿತ್ರವಾದ ನಿದರ್ಶನ ಶ್ರೀನಾಥನದು. ಈ ತೆಲುಗು ಮಹಾಕವಿ ‘ಭೀಮೇಶ್ವರ ಪುರಾಣ’ದಲ್ಲಿ ತನ್ನ ಕಾವ್ಯವನ್ನು ಕೆಲವರು ಸಂಸ್ಕೃತವೆಂದು, ಕೆಲವರು ಆಂಧ್ರವೆಂದು ಕರೆಯುವರೆಂದು ಹೇಳಿ, ಅದು ನಿಜಕ್ಕೂ ಕರ್ಣಾಟ ಭಾಷೆಯೆಂದು ಸಾರುತ್ತಾನೆ. ಆ ಮಾತನ್ನು ಹೇಗೇ ಅರ್ಥೈಸಿದರೂ ‘ಕರ್ಣಾಟ’ವೆಂದರೆ ಇಂದಿನ ಕನ್ನಡ ಎಂಬ ಸಮೀಕರಣ ಅಲ್ಲಿ ನಿಲ್ಲುವುದಿಲ್ಲ.

ಹೆಸರು ನುಡಿಯಿಂದ ಕಳಚಿ ನಡೆಯುವುದಕ್ಕೆ ಬೇರೆ ಸಾಕ್ಷ್ಯಗಳೂ ಇವೆ. 1640ರಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸರ ‘ಕನಾರಿಂ’ ಭಾಷೆಯ ವ್ಯಾಕರಣ ವಾಸ್ತವದಲ್ಲಿ ಕೊಂಕಣಿ ವ್ಯಾಕರಣ. ರಾಜಧಾನಿ ಪೆನುಕೊಂಡೆಗೂ ಚಂದ್ರಗಿರಿಗೂ ಸರಿದಂತೆ ‘ಕರ್ಣಾಟ’ವೂ ಜೊತೆಗೆ ಸರಿಯಿತು, ಕೊನೆಗೆ ಬ್ರಿಟಿಷರ ‘ಕರ್ನಾಟಿಕ್’ ಆರ್ಕಾಟಿನ ನವಾಬರ ತಮಿಳು ಸೀಮೆಯಾಯಿತು. ಇನ್ನು ‘ಭಾಷೆ’ ಎಂಬ ಪದವನ್ನೇ ನೋಡಬಹುದು. ಸಂಗಮ ಅರಸರ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದಿನಲ್ಲಿ ಅದರ ಅರ್ಥ ಕೊಟ್ಟ ಮಾತು, ಆಡುವ ನುಡಿಯಲ್ಲ.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಬಾಲ್ಕನ್ನಿನ ಮ್ಯಾಸಿಡೋನಿಯದಲ್ಲಿ ಅಲೆಕ್ಸಾಂಡರನ ಕಾಲದ ಹೆಸರನ್ನು ಇಂದು ಸ್ಲಾವಿಕ್ ನುಡಿಯಾಡುವ ಜನ ಹೊತ್ತಿದ್ದಾರೆ. ಆ ನುಡಿಗೆ 1903ರಲ್ಲಿ ಕ್ರಸ್ತೆ ಮಿಸಿರ್ಕೋವ್ ಪ್ರತ್ಯೇಕ ಶಿಷ್ಟರೂಪವನ್ನು ಬಯಸಿದ. 1945ರಲ್ಲಿ ಅದಕ್ಕೆ ಅಧಿಕೃತ ಲಿಪಿ, ಕಾಗುಣಿತಗಳು ದೊರೆತವು. ಗ್ರೀಸಿನ ತಕರಾರು ಹೆಸರಿನ ಮೇಲಿದ್ದರೆ ಬಲ್ಗೇರಿಯದ ತಕರಾರು ನುಡಿಯ ಮೇಲೆ. 2018ರ ಪ್ರೆಸ್ಪಾ ಒಪ್ಪಂದ ಹೆಸರನ್ನೂ ನುಡಿಯನ್ನೂ ಬಿಡಿಸಿ ನೋಡಿತು: ಮ್ಯಾಸಿಡೋನಿಯನ್ ದಕ್ಷಿಣ ಸ್ಲಾವಿಕ್ ಗುಂಪಿನದು, ಪ್ರಾಚೀನ ಹೆಲೆನಿಕ್ ನಾಗರಿಕತೆಗೆ ಸಂಬಂಧಿಸಿದ್ದಲ್ಲ ಎಂದು ಬರೆದಿಟ್ಟಿತು. ನುಡಿಯ ಹಕ್ಕಿಗೆ ಪ್ರಾಚೀನ ವಂಶಾವಳಿ ಬೇಕಿಲ್ಲ ಎಂಬುದೇ ಅಲ್ಲಿಂದ ನಾವು ಕಲಿಯಬಹುದಾದ ಪಾಠ.

ಈ ಪಾಠ ತುಂಗಭದ್ರೆಯ ದಡದಲ್ಲಿ ನಿಂತವರಿಗೆ ದೂರದ್ದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗಗಳು ಆ ಕಡೆಗೆ ಹೋದವು. ಉಳಿದ ಭಾಗ ಮೈಸೂರಿಗೆ ಸೇರಿತು. 1955ರ ರಾಜ್ಯ ಪುನರ್ವಿಂಗಡಣಾ ಆಯೋಗ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನೂ ಅಣೆಕಟ್ಟೆಯಿರುವ ಮಲ್ಲಾಪುರದ ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದಿತು. ಆ ಶಿಫಾರಸು ಜಾರಿಯಾಗಲಿಲ್ಲ. ಹಂಪಿ ಕರ್ನಾಟಕದಲ್ಲಿ ಉಳಿದದ್ದು ಇಲ್ಲಿ ಬಾಳುತ್ತಿದ್ದ ಜನರ ನುಡಿ ಮತ್ತು ಹೋರಾಟಗಳ ಬಲದಿಂದ. ಬುಕ್ಕನ ಮನೆಮಾತು ಯಾವುದಾಗಿದ್ದರೂ ಆ ಹಕ್ಕು ಕುಂದುತ್ತಿರಲಿಲ್ಲ.

ಮೂಲದ ವಾದದಿಂದ ಆಗುವ ಹಾನಿ ಇಂದಿನವರಿಗೆ. ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳನ್ನು ಈ ಸೀಮೆಯಲ್ಲಿ ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ. ಅಲ್ಲಿನ ಮಗು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತದೆ. ಜನಗಣತಿಯ ಮಾತೃಭಾಷೆಯ ಅಂಕಣದಲ್ಲಿ ಮಾತ್ರ ಒಂದೇ ಹೆಸರಿಗೆ ಎಡೆ. ಅರಸರನ್ನು ಒಂದು ನುಡಿಗೆ ಕಟ್ಟಿಹಾಕುವ ಚರಿತ್ರೆ ಈ ಮಗುವಿಗೂ ಅದೇ ಒಂದಂಕಣದ ಪ್ರಶ್ನೆಯನ್ನು ಒಡ್ಡುತ್ತದೆ. ವಿಜಯನಗರದ ಬರಹದಲ್ಲಿ ಕನ್ನಡ ಪಡೆದ ಸ್ಥಾನ ಶಾಸನಗಳಿಂದ ಸಿದ್ಧವಾದ ಸಂಗತಿ. ಅದನ್ನು ಸಾಧಿಸಲಾಗದ ವಂಶಾವಳಿಯ ಜೊತೆ ಬೆಸೆದರೆ ಸಿದ್ಧವಾದದ್ದೂ ಸಂಶಯಕ್ಕೆ ಈಡಾಗುತ್ತದೆ. ಕನ್ನಡದ ಪರವಾಗಿ ವಾದಿಸುವವರೇ ಮೊದಲು ಇವೆರಡನ್ನು ಬೇರ್ಪಡಿಸಬೇಕಾಗಿದೆ.