ನೇಮಕಪತ್ರದಿಂದ ಅಮಾನತಿನವರೆಗೆ: ‘ಶಿಕಾರಿ’ಯಲ್ಲಿ ಉದ್ಯೋಗದ ಪ್ರಶ್ನೆ

ಮುಂಬಯಿಯ ಕನ್ನಡ ಕಥನಸಾಹಿತ್ಯವನ್ನು ಕುರಿತ ವಿಮರ್ಶೆಯಲ್ಲಿ ‘ಪರಕೀಯತೆ’, ‘ಅನಾಥಪ್ರಜ್ಞೆ’, ‘ಅಸ್ತಿತ್ವದ ಆತಂಕ’ ಮೊದಲಾದ ಮಾತುಗಳು ಹೇರಳವಾಗಿ ಬಂದಿವೆ. ಅವು ನಿರಾಧಾರವಾದ ಮಾತುಗಳಲ್ಲ. ಆದರೆ ಕನ್ನಡಿಗನು ಈ ನಗರಕ್ಕೆ ಬಂದುದು ಆತಂಕವನ್ನು ಅರಸಿಕೊಂಡಲ್ಲ, ಉದ್ಯೋಗವನ್ನು ಅರಸಿಕೊಂಡು. ಅವನ ಆತಂಕಕ್ಕೂ ಅವನ ಉದ್ಯೋಗಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಯನ್ನು ವಿಮರ್ಶಕರು ಎತ್ತಿದ್ದು ವಿರಳ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪುನಃ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಥ ಪರಿಶೀಲನೆಗೆ ಮುಲುಂಡ್ ತಕ್ಕ ಹಿನ್ನೆಲೆಯನ್ನು ಒದಗಿಸುತ್ತದೆ. 1957ರಲ್ಲಿ ಬೃಹನ್ಮುಂಬಯಿಯ ಎಲ್ಲೆಯೊಳಗೆ ಸೇರಿದ ಈ ಉಪನಗರದ ಹಿರಿಮೆ ಒಂದು ಕಾಲಕ್ಕೆ ಅದರ ಕಾರ್ಖಾನೆಗಳಲ್ಲಿತ್ತು. ಘಾಟಕೋಪರದಿಂದ ಭಾಂಡುಪ್ ಮಾರ್ಗವಾಗಿ ಮುಲುಂಡಿನ ಚೆಕ್‌ನಾಕಾದವರೆಗೆ, ಈಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹೆಸರನ್ನು ಹೊತ್ತಿರುವ ರಸ್ತೆಯ ಇಕ್ಕೆಲಗಳಲ್ಲಿ ಯಂತ್ರೋಪಕರಣ, ರಾಸಾಯನಿಕ, ಔಷಧಗಳ ತಯಾರಿಕೆ ನಡೆಯುತ್ತಿತ್ತು. ಹೋಕ್ಸ್ಟ್ ಔಷಧ ಕಂಪನಿಯ ಕಾರ್ಖಾನೆ, ಸಂಶೋಧನ ಕೇಂದ್ರಗಳು ಇಲ್ಲಿಯೇ ಇದ್ದವು. ಪಾಳಿಯ ಭೋಂಗಾ ಕೂಗುತ್ತಿದ್ದ ಆವರಣಗಳಲ್ಲಿ ಹಲವೆಡೆ ಇಂದು ಗಗನಚುಂಬಿ ವಸತಿಗಳೂ ಮಾರಾಟಮಳಿಗೆಗಳೂ ಎದ್ದಿವೆ. ಕಾರ್ಖಾನೆ ಹೋದ ಮೇಲೆ ಆ ಕಾರ್ಖಾನೆಯ ಮನುಷ್ಯ ಏನಾದ ಎಂಬುದನ್ನು ಕಟ್ಟಡಗಳು ಹೇಳಲಾರವು. ಅದನ್ನು ಸಾಹಿತ್ಯವೇ ಹೇಳಬೇಕು.

ಮುಂಬಯಿಯಲ್ಲಿ ಉದ್ಯೋಗವು ದೊರೆಯುತ್ತಿದ್ದ ಬಗೆಯನ್ನು ಮೊದಲು ನೆನೆಯಬೇಕು. ಹತ್ತಿಯ ಗಿರಣಿಗಳಲ್ಲಿ ನೇಮಕದ ಅಧಿಕಾರವು ಬಹುಕಾಲ ಜಾಬರನ ಕೈಯಲ್ಲಿತ್ತು. ಅವನು ತನ್ನ ಊರಿನವರನ್ನು, ತನ್ನ ಜಾತಿಯವರನ್ನು ಕರೆತಂದು ಕೆಲಸಕ್ಕೆ ಹಚ್ಚುತ್ತಿದ್ದ, ಅದಕ್ಕೆ ಪ್ರತಿಯಾಗಿ ಕಾಣಿಕೆಯನ್ನೂ ವಿಧೇಯತೆಯನ್ನೂ ಪಡೆಯುತ್ತಿದ್ದ. 1935ರಲ್ಲಿ ಗಿರಣಿ ಮಾಲೀಕರ ಸಂಘವು ಬದಲಿ ಕೆಲಸಗಾರರ ನೇಮಕಕ್ಕೆ ಕ್ರಮಬದ್ಧ ಯೋಜನೆಯೊಂದನ್ನು ತಂದುದು ಈ ಹಿಡಿತವನ್ನು ಸಡಿಲಿಸುವುದಕ್ಕಾಗಿ. ಕನ್ನಡಿಗರ ದಾರಿ ಇದಕ್ಕಿಂತ ಕೊಂಚ ಬೇರೆಯಾಗಿದ್ದರೂ ಅದರ ಮೂಲತತ್ತ್ವ ಒಂದೇ. ದಕ್ಷಿಣ ಕನ್ನಡದ ಹುಡುಗನು ಊರಿನವರ ಹೋಟೆಲಿಗೆ ಬಂದು ಸೇರುತ್ತಿದ್ದ. ಹಗಲು ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ರಾತ್ರಿ ಹೋಟೆಲಿನಲ್ಲಿಯೇ ಮಲಗುತ್ತಿದ್ದ. ಬೆರಳಚ್ಚು, ಶೀಘ್ರಲಿಪಿಗಳನ್ನು ಕಲಿತು ಕಚೇರಿಗೋ ಬ್ಯಾಂಕಿಗೋ ದಾಟಿದವರೂ ಹಲವರು. 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿದ ಎ. ರಾಮ ನಾಯಕರೂ ಅಡುಗೆಮನೆಯ ದುಡಿಮೆಯಿಂದಲೇ ಮೇಲೆ ಬಂದವರು.

ಈ ವ್ಯವಸ್ಥೆಯಲ್ಲಿ ಶಿಫಾರಸು ಎಂಬುದು ಒಂದು ಬಗೆಯ ಜಾಮೀನು. ಅಪರಿಚಿತನನ್ನು ನಂಬಲು ಉದ್ಯೋಗದಾತನಿಗೆ ಆಧಾರ ಬೇಕು, ಅನ್ನಕ್ಕೆ ದಾರಿಯಾಗಲು ಉದ್ಯೋಗಾರ್ಥಿಗೆ ಒಬ್ಬರು ಬೇಕು. ‘ನಮ್ಮ ಊರಿನವ’ ಎಂಬ ಒಂದು ಮಾತು ಇಬ್ಬರ ಕೊರತೆಯನ್ನೂ ನೀಗುತ್ತಿತ್ತು. ಆದರೆ ಜಾಮೀನು ನೀಡಿದವನಿಗೆ ಸಾಲಗಾರನ ಮೇಲೆ ಹಕ್ಕು ಬರುವಂತೆ, ಶಿಫಾರಸು ಮಾಡಿದ ಸಮಾಜಕ್ಕೆ ಕೆಲಸಗಾರನ ಬದುಕಿನ ಮೇಲೆ ಒಂದು ಹಕ್ಕು ಬರುತ್ತದೆ. ಅವನ ಮನೆತನ, ಹಿಂದಿನ ಬಡತನ, ಮುಚ್ಚಿಟ್ಟ ಅವಮಾನ ಇವೆಲ್ಲ ಇತರರ ಬಳಿ ದಾಖಲೆಯಾಗಿ ಉಳಿಯುತ್ತವೆ.

‘ಶಿಕಾರಿ’ಯ ಕಥಾವಸ್ತುವಿನ ಮರ್ಮ ಇಲ್ಲಿದೆ. ಉತ್ತರ ಕನ್ನಡದ ಕರಾವಳಿಯ ಬಡತನದಿಂದ ಬಂದ ನಾಗಪ್ಪನು ಮುಂಬಯಿಯ ರಾಸಾಯನಿಕ ಕಂಪನಿಯೊಂದರಲ್ಲಿ ಸ್ವಂತ ಬುದ್ಧಿಶಕ್ತಿಯಿಂದ ಉನ್ನತ ಹುದ್ದೆಗೇರಿದವನು. ಅಂಥವನು ಒಂದು ದಿನ ಅಕಸ್ಮಾತ್ತಾಗಿ ಅಮಾನತುಗೊಳ್ಳುತ್ತಾನೆ. ತನ್ನ ತಪ್ಪೇನೆಂಬುದು ಅವನಿಗೆ ಸ್ಪಷ್ಟವಾಗಿ ತಿಳಿಯದು. ಕಂಪನಿಯೊಳಗೆ ಅಧಿಕಾರಸ್ಥ ಫಿರೋಜ್ ಬಂದೂಕವಾಲಾ, ಹೊರಗೆ ಅವನ ಹಿಂದಿನ ಬದುಕನ್ನು ಬಲ್ಲ ಶ್ರೀನಿವಾಸ, ಹೀಗೆ ಎರಡು ದಿಕ್ಕಿನಿಂದ ಬೇಟೆ ಸಾಗುತ್ತದೆ. ಒಬ್ಬನ ಬಳಿ ಹುದ್ದೆಯ ಶಕ್ತಿ, ಇನ್ನೊಬ್ಬನ ಬಳಿ ಊರಿನ ನೆನಪು. ನೌಕರಿಗೆ ಆಸರೆಯಾಗಬಹುದಾಗಿದ್ದ ಊರಿನ ನಂಟೇ ನೌಕರಿಯನ್ನು ಕಸಿಯುವ ಆಯುಧವಾಗುತ್ತದೆ. ನಾಗಪ್ಪನ ಭೀತಿಯನ್ನು ಕೇವಲ ಮನೋವಿಕಾರವೆಂದು ಬಗೆದರೆ ಈ ಸಾಮಾಜಿಕ ಸತ್ಯವು ಕೈಬಿಟ್ಟುಹೋಗುತ್ತದೆ.

ಕಾದಂಬರಿಯನ್ನು ಕಾಫ್ಕನ ‘ದಿ ಟ್ರಯಲ್’ನೊಡನೆ ಹೋಲಿಸುವುದು ವಾಡಿಕೆಯಾಗಿದೆ. ಆರೋಪ ತಿಳಿಯದ ಆರೋಪಿ ಎಂಬ ಮಟ್ಟಿಗೆ ಸಾಮ್ಯ ಉಂಟು. ಆದರೆ ವ್ಯತ್ಯಾಸವೂ ಗಮನಾರ್ಹ. ಜೋಸೆಫ್ ಕೆ. ಬ್ಯಾಂಕಿನ ಹಿರಿಯ ಅಧಿಕಾರಿ. ಬಂಧನದ ಅನಂತರವೂ ಅವನು ಕಚೇರಿಗೆ ಹೋಗಬಹುದು. ಅವನನ್ನು ವಿಚಾರಿಸುವ ನ್ಯಾಯಾಲಯ ಉದ್ಯೋಗದ ಹೊರಗಿನದು. ನಾಗಪ್ಪನ ವಿಷಯದಲ್ಲಾದರೋ ಉದ್ಯೋಗವೇ ನ್ಯಾಯಾಲಯ. ದೂರು ಕೊಡುವವನು, ವಿಚಾರಿಸುವವನು, ತೀರ್ಪು ನೀಡುವವನು ಮೂವರೂ ಒಂದೇ ಸಂಸ್ಥೆಯ ಸಂಬಳದ ಪಟ್ಟಿಯಲ್ಲಿರುವವರು. ಇದು ದಾರ್ಶನಿಕ ಕಲ್ಪನೆಯಲ್ಲ, ಯಾವುದೇ ಕಂಪನಿಯ ಆಂತರಿಕ ವಿಚಾರಣೆಯ ನಿತ್ಯಸ್ವರೂಪ.

ಇಲ್ಲಿ ಕಾನೂನಿನ ಸ್ಥಿತಿಯನ್ನು ಗಮನಿಸುವುದು ಅಪ್ರಸ್ತುತವಾಗದು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ‘ಕೆಲಸಗಾರ’ನಿಗೆ ರಕ್ಷಣೆ ನೀಡಿತು, ಆದರೆ ಆ ಪದದ ವ್ಯಾಖ್ಯೆಯಿಂದ ಆಡಳಿತವರ್ಗದ ನೌಕರರನ್ನು ಹೊರಗಿಟ್ಟಿತು. 1982ರ ತಿದ್ದುಪಡಿಯಿಂದ ಸ್ಥಾಯೀ ಆದೇಶಗಳ ಕಾಯಿದೆಗೆ ಸೇರಿದ ಕಲಮು, ಅಮಾನತಾದ ಕೆಲಸಗಾರನಿಗೆ ಮೊದಲ 90 ದಿನ ವೇತನದ ಅರ್ಧವನ್ನೂ, ವಿಚಾರಣೆಯ ವಿಳಂಬಕ್ಕೆ ಅವನು ಕಾರಣನಲ್ಲದಿದ್ದರೆ ಅನಂತರ ಮುಕ್ಕಾಲು ಪಾಲನ್ನೂ ಜೀವನಾಧಾರ ಭತ್ಯೆಯಾಗಿ ಕೊಡಬೇಕೆಂದು ವಿಧಿಸಿತು. ಅದೂ ಕೆಲಸಗಾರನಿಗೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯೂ ಈ ಗೆರೆಯನ್ನು ಅಳಿಸಿಲ್ಲ. ಅಂದರೆ ನಾಗಪ್ಪನು ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆಲ್ಲ ಸಂಬಳದೊಡನೆ ಅವನ ಅಸಹಾಯಕತೆಯೂ ಏರಿತು. ಯಂತ್ರದ ಬಳಿ ನಿಂತವನಿಗೆ ಸಂಘವುಂಟು, ಮಾಲೀಕನಿಗೆ ಬಂಡವಾಳವುಂಟು, ನಡುವಿನ ಅಧಿಕಾರಿಗೆ ಇರುವುದು ಒಂದು ನೇಮಕಪತ್ರ ಮಾತ್ರ. ಆ ಪತ್ರವನ್ನು ಬರೆದ ಕೈಯೇ ಇನ್ನೊಂದು ಪತ್ರವನ್ನೂ ಬರೆಯಬಲ್ಲದು. ಚಿತ್ತಾಲರು ಪ್ಲಾಸ್ಟಿಕ್ ತಂತ್ರಜ್ಞಾನವನ್ನು ಓದಿ ಉದ್ದಿಮೆಯಲ್ಲಿಯೇ ದುಡಿದವರು. ಕಚೇರಿಯ ಒಳಮಾತು, ಪತ್ರವ್ಯವಹಾರದ ನಯವಾದ ಕ್ರೌರ್ಯ ಇವುಗಳ ಚಿತ್ರಣಕ್ಕೆ ಆ ಅನುಭವವು ದೃಢತೆಯನ್ನು ತಂದಿದೆ.

ಹೀಗಿದ್ದರೂ ಕಾದಂಬರಿಗೆ ಒಂದು ಮಿತಿಯುಂಟು. ಎಲ್ಲವೂ ನಾಗಪ್ಪನ ಪ್ರಜ್ಞೆಯ ಮೂಲಕವೇ ಹಾದುಬರುವುದರಿಂದ, ಕಂಪನಿಯ ದೃಷ್ಟಿಯಲ್ಲಿ ನ್ಯಾಯವೆಂಬುದು ಏನಾದರೂ ಇರಬಹುದೇ ಎಂಬ ಪ್ರಶ್ನೆಗೆ ಎಡೆ ಸಾಲದಾಗಿದೆ. ಉದ್ಯೋಗದಾತನಿಗೂ ಅಪಘಾತ, ವಂಚನೆ, ನಷ್ಟಗಳ ಭಯವಿರುತ್ತದೆ. ತನಿಖೆ ಮುಗಿಯುವವರೆಗೆ ಒಬ್ಬನನ್ನು ಹುದ್ದೆಯಿಂದ ದೂರವಿಡುವುದು ಸ್ವತಃ ಅನ್ಯಾಯವಲ್ಲ. ಆರೋಪವನ್ನು ತಿಳಿಸದೆ ದೂರವಿಡುವುದು ಅನ್ಯಾಯ. ಈ ಸೂಕ್ಷ್ಮವನ್ನು ಬೇಟೆಯ ರೂಪಕವು ಕೆಲವೆಡೆ ನುಂಗಿಬಿಡುತ್ತದೆ. ಶ್ರಮಿಕನಿಗೂ ಕಥೆಯ ಕೇಂದ್ರದಲ್ಲಿ ಸ್ಥಾನವಿಲ್ಲ.

ಈ ಎರಡನೆಯ ಕೊರತೆಯನ್ನು ತುಂಬುವ ಕೃತಿಯೆಂದರೆ ವ್ಯಾಸರಾಯ ಬಲ್ಲಾಳರ ‘ಬಂಡಾಯ’. 1986ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕಾದಂಬರಿಯು ಮುಂಬಯಿಯ ಮಾಲೀಕ–ಕಾರ್ಮಿಕ ಸಂಘರ್ಷವನ್ನು ಎದುರಿಗಿಟ್ಟುಕೊಂಡಿದೆ. ದತ್ತಾ ಸಾಮಂತರ ಮುಂದಾಳುತನದಲ್ಲಿ 1982ರ ಜನವರಿ 18ರಂದು ಮೊದಲಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಪಾಲ್ಗೊಂಡಿದ್ದರು. ಅದರ ಸೋಲಿನಿಂದ ಲೆಕ್ಕವಿಲ್ಲದಷ್ಟು ಕುಟುಂಬಗಳು ನೆಲೆಗೆಟ್ಟವು. ಒಂಟಿಯಾದ ನಾಗಪ್ಪನಿಗೆ ಸಂಘವಿಲ್ಲದ ಕೊರಗು, ಗಿರಣಿಯ ಕೆಲಸಗಾರನಿಗೆ ಸಂಘವಿದ್ದೂ ಉಳಿಯದ ಕೊರಗು. ‘ಶಿಕಾರಿ’, ‘ಬಂಡಾಯ’ಗಳನ್ನು ಜೊತೆಯಾಗಿ ಓದಿದಾಗಲೇ ಆ ಕಾಲದ ಮುಂಬಯಿ ಪೂರ್ಣವಾಗಿ ಕಾಣುತ್ತದೆ.

ಈ ಎರಡೂ ವರ್ಗಗಳಿಗೆ ಸೇರದವನನ್ನು ಜಯಂತ ಕಾಯ್ಕಿಣಿಯವರು ಕಂಡರು. ‘ಒಪೆರಾ ಹೌಸ್’ ಕಥೆಯ ಇಂದ್ರನೀಲ ಚಿತ್ರಮಂದಿರದ ಕಸಗುಡಿಸುವವನು. ಪ್ರೇಕ್ಷಕರು ಬಿಟ್ಟುಹೋದ ವಸ್ತುಗಳ ಮೂಲಕ ಅವರ ಬದುಕನ್ನು ಊಹಿಸಬಲ್ಲವನು. ಅವನಿಗೆ ಅಮಾನತಿನ ಪತ್ರದ ಘನತೆಯೂ ಇಲ್ಲ. ಚಿತ್ರಮಂದಿರ ಮುಚ್ಚಿದರೆ ಕೆಲಸವೂ ಮುಚ್ಚಿತು. ಆದರೂ ಕಾಯ್ಕಿಣಿಯವರು ಅವನ ಕೆಲಸದೊಳಗೆ ಒಂದು ಮಮತೆಯನ್ನು ಕಾಣುತ್ತಾರೆ. ನಾಗಪ್ಪನಿಗೆ ಹುದ್ದೆಯುಂಟು, ಕೆಲಸದ ಸುಖ ಕಾಣದು. ಇಂದ್ರನೀಲನಿಗೆ ಹುದ್ದೆಯೆಂಬುದಿಲ್ಲ, ಕೆಲಸದ ಸುಖವುಂಟು. ಇಬ್ಬರನ್ನೂ ಬೇರೆಯವರ ಒಂದು ನಿರ್ಣಯವು ನಿರುದ್ಯೋಗಿಗಳನ್ನಾಗಿ ಮಾಡಬಲ್ಲದು.

ಇಂದು ಮುಲುಂಡಿನಲ್ಲಿ ಬಾಗಿಲಿಂದ ಬಾಗಿಲಿಗೆ ಊಟದ ಪೊಟ್ಟಣವನ್ನು ತಲುಪಿಸುವ ತರುಣನಿಗೆ ಜಾಬರನ ಮುಖವೂ ಕಾಣದು, ಬಂದೂಕವಾಲಾನ ಮುಖವೂ ಕಾಣದು. ಕೈಯಲ್ಲಿರುವ ದೂರವಾಣಿಯು ಅವನಿಗೆ ಕೆಲಸ ಕೊಡುತ್ತದೆ, ಅದೇ ದೂರವಾಣಿಯಲ್ಲಿ ಅವನ ಖಾತೆ ಒಂದು ದಿನ ತೆರೆಯದೆ ಹೋಗಬಹುದು. ಆರೋಪವನ್ನು ತಿಳಿಸದೆ ದಂಡಿಸುವ ಪದ್ಧತಿ ಉನ್ನತಾಧಿಕಾರಿಯ ಕೊಠಡಿಯಿಂದ ಬೀದಿಗೆ ಇಳಿದಿದೆ ಎಂದರ್ಥ. ‘ಶಿಕಾರಿ’ಯು ಇಂದಿಗೂ ಹಳತಾಗದಿರುವುದಕ್ಕೆ ಅದರ ತಂತ್ರವೈಶಿಷ್ಟ್ಯಕ್ಕಿಂತ ಇದೇ ಮುಖ್ಯ ಕಾರಣ. ‘ನನ್ನ ತಪ್ಪೇನು?’ ಎಂಬ ನಾಗಪ್ಪನ ಪ್ರಶ್ನೆ ಮೊದಲು ಒಬ್ಬ ನೌಕರನು ತನ್ನ ಒಡೆಯನಿಗೆ ಹಾಕಿದ ಪ್ರಶ್ನೆ, ಅನಂತರವೇ ಮನುಷ್ಯನು ದೈವಕ್ಕೆ ಹಾಕಿದ ಪ್ರಶ್ನೆ. ವಿಮರ್ಶೆಯು ಎರಡನೆಯದಕ್ಕೆ ಉತ್ತರವನ್ನು ಹುಡುಕುವ ಉತ್ಸಾಹದಲ್ಲಿ ಮೊದಲನೆಯದನ್ನು ಮರೆಯಲಾಗದು. ಅದಕ್ಕೆ ಉತ್ತರ ಕೊಡಬೇಕಾದವರು ಈ ಊರಿನಲ್ಲಿಯೇ ಇದ್ದಾರೆ.