ಇವಾನನನ್ನು ಬಿಡದ ನೀತಿ

ದೇವರಿಲ್ಲದಿದ್ದರೆ ನೀತಿಯೂ ಇಲ್ಲ ಎನ್ನುವ ಆಸ್ತಿಕರು ದಾಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ (1880) ಕಾದಂಬರಿಯನ್ನು ಸಾಕ್ಷಿಗೆ ಕರೆಯುವುದುಂಟು. ಆತ್ಮಕ್ಕೆ ಅಮರತ್ವವಿಲ್ಲವೆಂದರೆ ಎಲ್ಲವೂ ಸಮ್ಮತ ಎಂಬುದು ಇವಾನನ ವಾದ. ಅದನ್ನೇ ನೆಚ್ಚಿ ಮನೆಯ ಆಳು ಸ್ಮೆರ್ದ್ಯಾಕೋವ್ ಇವಾನನ ತಂದೆಯನ್ನು ಕೊಲ್ಲುತ್ತಾನೆ. ಆದರೆ ವಾದ ಹೂಡಿದವನಿಗೇ ಅದು ಸಮ್ಮತವಾಗುವುದಿಲ್ಲ. ಬುದ್ಧಿ ಕದಡಿದ ಇವಾನ್, ತಾನೂ ಅಪರಾಧಿಯೆಂದು ನ್ಯಾಯಾಲಯದಲ್ಲಿ ಹೇಳುತ್ತಾನೆ, ಯಾರೂ ನಂಬುವುದಿಲ್ಲ.

ಆಸ್ತಿಕರ ಓದು ಎಡವುವುದು ಇಲ್ಲಿಯೇ. ನಂಬದವನನ್ನೂ ನೀತಿ ಬಿಡುವುದಿಲ್ಲ ಎನ್ನುತ್ತದೆ ಈ ಕಾದಂಬರಿ. ನೀತಿ ನಾವೇ ಮಾಡಿಕೊಂಡ ಕಟ್ಟಳೆಯಾಗಿದ್ದರೆ ಇವಾನನನ್ನು ಇಷ್ಟು ಕಾಡುತ್ತಿತ್ತೇ? ಬಾಲ್ಯದ ಸಂಸ್ಕಾರವೂ ಹೀಗೆ ಕಾಡಬಲ್ಲದು. ಆದ್ದರಿಂದ ಈ ಪ್ರಶ್ನೆ ದೇವರ ಕಡೆಗೆ ಕೈ ತೋರಿಸಬಹುದೇ ಹೊರತು ರುಜುವಾತಾಗದು. ನೆರೆಮನೆಯ ನಾಸ್ತಿಕನ ಪ್ರಾಮಾಣಿಕತೆಯನ್ನು ಶಂಕಿಸುವ ಹಕ್ಕನ್ನಂತೂ ಅದು ಆಸ್ತಿಕನಿಗೆ ಕೊಡುವುದಿಲ್ಲ.